ಗೋಡೆಯ ಮೇಲೆ ಗೀಚುವ ಕೈ

ಎರಡು ಮೂರು ವರ್ಷದ ಮಗುವಿರುವ ಮನೆಯನ್ನು ಗುರುತಿಸುವುದಕ್ಕೆ ಮಗುವನ್ನೇ ನೋಡಬೇಕೆಂದಿಲ್ಲ. ಗೋಡೆಯನ್ನು ನೋಡಿದರೆ ಸಾಕು. ನೆಲದಿಂದ ಎರಡೂವರೆ ಮೂರು ಅಡಿಗಳ ಎತ್ತರದವರೆಗೆ ನೀಲಿ, ಕೆಂಪು, ಕಪ್ಪು ಗೀಟುಗಳು ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ. ಅದಕ್ಕಿಂತ ಮೇಲಿನ ಗೋಡೆ ಸ್ವಚ್ಛವಾಗಿರುತ್ತದೆ. ಏಕೆಂದರೆ ಅಲ್ಲಿಗೆ ಆ ಕೈ ನಿಲುಕುವುದಿಲ್ಲ. ಗೋಡೆಯೊಂದೇ ಅಲ್ಲ, ಅಣ್ಣನ ಗಣಿತದ ವಹಿ, ಅಕ್ಕನ ಪಠ್ಯಪುಸ್ತಕ, ತಂದೆಯ ಕಚೇರಿಯ ಕಾಗದ, ರೇಶನ್ ಕಾರ್ಡು, ಹೊಸ ಹೊದಿಕೆ, ಕೊನೆಗೆ ತನ್ನದೇ ಮೊಣಕಾಲು, ಇವುಗಳಲ್ಲಿ ಯಾವುದಕ್ಕೂ ಬಿಡುಗಡೆಯಿಲ್ಲ. ಬರೆಯುವ ಸಾಧನವೊಂದು ಕೈಗೆ ಸಿಕ್ಕಿತೆಂದರೆ ಮಗುವಿಗೆ ಜಗತ್ತೆಲ್ಲವೂ ಒಂದು ಪಾಟಿಯೇ ಸರಿ.

ಈ ಗೀಚಾಟವನ್ನು ಹಿರಿಯರು ಕಿತಾಪತಿ ಎನ್ನುತ್ತಾರೆ; ಬೆನ್ನ ಮೇಲೊಂದು ಏಟು ಬೀಳುವುದೂ ಉಂಟು. ಇದು ನಿಜವಾಗಿಯೂ ಕಿತಾಪತಿಯೋ, ಅಥವಾ ಬೆಳವಣಿಗೆಯ ಒಂದು ಮೆಟ್ಟಿಲೋ? ಮೆಟ್ಟಿಲೇ ಆಗಿದ್ದರೆ ಕೆಟ್ಟುಹೋದ ಗೋಡೆಯ ಗತಿಯೇನು? ಈ ಎರಡು ಪ್ರಶ್ನೆಗಳನ್ನು ನಾವು ಈ ಪಾಠದಲ್ಲಿ ವಿಚಾರ ಮಾಡೋಣ. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಚಿಕ್ಕ ತಮ್ಮ ತಂಗಿಯರಿದ್ದಾರೆ. ತಂದೆತಾಯಿಗಳು ದುಡಿಯಲು ಹೋದಾಗ ಅವರನ್ನು ನೋಡಿಕೊಳ್ಳುವ ಹೊಣೆ ನಿಮ್ಮ ಮೇಲೆಯೇ ಬೀಳುತ್ತದೆ. ಆದುದರಿಂದ ಈ ವಿಷಯ ದೊಡ್ಡವರಿಗೆ ಎಷ್ಟೋ ನಿಮಗೂ ಅಷ್ಟೇ ಅಗತ್ಯವಾದುದು.

ಬಹು ಹಳೆಯ ಹವ್ಯಾಸ

ಮಕ್ಕಳು ಸಿಕ್ಕಲ್ಲೆಲ್ಲ ಗೀಚುವುದು ಪೆನ್ಸಿಲು, ಬಾಲ್‌ಪೆನ್ನುಗಳು ಬಂದ ಮೇಲೆ ಹುಟ್ಟಿದ ಅಭ್ಯಾಸವಲ್ಲ. ಫ್ರಾನ್ಸ್ ದೇಶದಲ್ಲಿ ರೂಫಿನ್ಯಾಕ್ ಎಂಬ ಸುಪ್ರಸಿದ್ಧ ಗುಹೆಯಿದೆ. ಅದರ ಗೋಡೆ ಮತ್ತು ಚಾವಣಿಗಳು ಕೆಲವೆಡೆ ಬಹಳ ಮೆತ್ತಗಿವೆ. ಸುಮಾರು 13,000 ವರ್ಷಗಳ ಹಿಂದೆ ಅಲ್ಲಿಗೆ ಹೋದ ಶಿಲಾಯುಗದ ಜನರು ಆ ಮೆತ್ತನೆಯ ಮೈಯ ಮೇಲೆ ಬೆರಳುಗಳನ್ನು ಎಳೆದು ಉದ್ದುದ್ದ ಗೆರೆಗಳನ್ನು ಮೂಡಿಸಿದರು. ಆ ಗೆರೆಗಳಲ್ಲಿ ಬೆರಳುಗಳ ಅಗಲವನ್ನು ಅಳೆದು ನೋಡಿದ ಸಂಶೋಧಕರು, ಅವುಗಳಲ್ಲಿ ಅನೇಕವು ಮೂರರಿಂದ ಏಳು ವರ್ಷದೊಳಗಿನ ಮಕ್ಕಳವು ಎಂದು 2011ರಲ್ಲಿ ಪ್ರಕಟಪಡಿಸಿದರು. ಎಲ್ಲರಿಗಿಂತ ಹೆಚ್ಚು ಉತ್ಸಾಹದಿಂದ ಗೆರೆ ಎಳೆದವಳು ಸುಮಾರು ಐದು ವರ್ಷದ ಒಬ್ಬ ಹುಡುಗಿಯಂತೆ. ಇನ್ನೂ ವಿಶೇಷವೆಂದರೆ, ಮಕ್ಕಳ ಕೆಲವು ಗೆರೆಗಳು ಚಾವಣಿಯ ಮೇಲಿವೆ. ಐದು ವರ್ಷದ ಮಗು ಅಷ್ಟು ಎತ್ತರಕ್ಕೆ ತಾನಾಗಿ ಹೇಗೆ ಮುಟ್ಟೀತು? ಯಾರೋ ಹಿರಿಯರು ಅದನ್ನು ಎತ್ತಿ ಹಿಡಿದಿರಲೇಬೇಕು. ಅಂದಮೇಲೆ, ಅಷ್ಟು ಹಿಂದಿನ ಕಾಲದಲ್ಲಿಯೂ ಗೀಚುವ ಮಗುವಿತ್ತು. ಗೀಚಲು ಅದನ್ನು ಎತ್ತಿಹಿಡಿದ ಕೈಯೂ ಇತ್ತು.

ಇನ್ನೊಂದು ದೃಷ್ಟಾಂತ ರಶಿಯಾ ದೇಶದ್ದು. ಅಲ್ಲಿಯ ನವ್‌ಗೊರೋದ್ ಎಂಬ ಪ್ರಾಚೀನ ನಗರದಲ್ಲಿ ಜನರು ಭೂರ್ಜವೃಕ್ಷದ ತೊಗಟೆಯ ಮೇಲೆ ಮೊನಚಾದ ಕಡ್ಡಿಯಿಂದ ಕೊರೆದು ಬರೆಯುತ್ತಿದ್ದರು. ಅಲ್ಲಿ 1956ರಲ್ಲಿ ನಡೆದ ಉತ್ಖನನದಲ್ಲಿ ಹದಿಮೂರನೆಯ ಶತಮಾನದ ಒಬ್ಬ ಬಾಲಕನ ತೊಗಟೆಯ ಹಾಳೆಗಳು ದೊರೆತವು. ಅವನ ಹೆಸರು ಓನ್ಫಿಮ್. ವಯಸ್ಸು ಆರೇಳು ವರ್ಷವಿದ್ದೀತೆಂದು ವಿದ್ವಾಂಸರು ಊಹಿಸುತ್ತಾರೆ. ಅವನು ಅಕ್ಷರಮಾಲೆಯನ್ನು ತಿದ್ದಿದ್ದಾನೆ, ಕಾಗುಣಿತದಂತೆ ಅಕ್ಷರಗಳನ್ನು ಕೂಡಿಸಿ ಬರೆದಿದ್ದಾನೆ. ಅಷ್ಟರಲ್ಲಿ ಬೇಸರ ಬಂದು, ಕುದುರೆಯನ್ನೇರಿ ಶತ್ರುವನ್ನು ಈಟಿಯಿಂದ ತಿವಿಯುವ ವೀರನ ಚಿತ್ರವನ್ನು ಬರೆದು, ಪಕ್ಕದಲ್ಲಿ ತನ್ನ ಹೆಸರನ್ನೇ ಹಾಕಿಕೊಂಡಿದ್ದಾನೆ! ಅವನ ಮನುಷ್ಯರ ಕೈಗಳು ಕಸ ಬಳಿಯುವ ದಂತಾಳಿನಂತಿವೆ. ಒಂದು ಕೈಗೆ ಮೂರೇ ಬೆರಳಾದರೆ ಇನ್ನೊಂದಕ್ಕೆ ಇನ್ನೂ ಹೆಚ್ಚು. ಪಾಠದ ವಹಿಯಲ್ಲಿ ಚಿತ್ರ ಬರೆಯುವ ನಮ್ಮ ಮಕ್ಕಳಿಗೂ ಈ ಓನ್ಫಿಮನಿಗೂ ಏನು ವ್ಯತ್ಯಾಸ? ಎಂಟು ಶತಮಾನಗಳು ಸಂದುಹೋದವು. ಅವನ ಗುರುಗಳು ಯಾರೋ ತಿಳಿಯದು. ಆ ಗೀಚಾಟ ಮಾತ್ರ ಇಂದು ವಿದ್ವಾಂಸರು ಜೋಪಾನ ಮಾಡುವ ವಸ್ತುವಾಗಿದೆ.

ಗೀಟು ಬೆಳೆಯುವ ಬಗೆ

ದೊಡ್ಡವರ ಕಣ್ಣಿಗೆ ಮಗುವಿನ ಗೀಚುಗಳೆಲ್ಲ ಒಂದೇ ಬಗೆಯ ಗೋಜಲಾಗಿ ತೋರುತ್ತವೆ. ಆದರೆ ಗಮನವಿಟ್ಟು ನೋಡಿದರೆ ಅವುಗಳಲ್ಲಿ ಒಂದು ಕ್ರಮ ಕಾಣಿಸುತ್ತದೆ. ಇಟಲಿಯ ಬೊಲೋನ್ಯಾ ನಗರದಲ್ಲಿ ಕೊರ್ರಾದೊ ರಿಚ್ಚಿ ಎಂಬ ವಿದ್ವಾಂಸನು ಒಮ್ಮೆ ಮಳೆಯಿಂದ ತಪ್ಪಿಸಿಕೊಳ್ಳಲು ದಾರಿಬದಿಯ ಕಂಬಸಾಲಿನ ಮಾಡಿನಡಿ ನಿಂತನು. ಅಲ್ಲಿಯ ಗೋಡೆಯ ತುಂಬ ಚಿತ್ರಗಳು. ಮೇಲುಭಾಗದಲ್ಲಿ ದೊಡ್ಡವರವು, ಕೆಳಭಾಗದಲ್ಲಿ ಚಿಕ್ಕವರವು. ಕೆಳಗಿನ ಚಿತ್ರಗಳನ್ನೇ ಅವನು ಕುತೂಹಲದಿಂದ ನೋಡತೊಡಗಿ, ಮುಂದೆ ಮಕ್ಕಳ ಚಿತ್ರಗಳನ್ನು ಸಂಗ್ರಹಿಸಿ, 1887ರಲ್ಲಿ ಮಕ್ಕಳ ಕಲೆಯ ಬಗ್ಗೆ ಒಂದು ಪುಸ್ತಕವನ್ನೇ ಪ್ರಕಟಿಸಿದನು. ಈ ವಿಷಯದ ಮೊದಮೊದಲಿನ ಗ್ರಂಥಗಳಲ್ಲಿ ಅದೂ ಒಂದು. ಜನರು ಹಾಳುಗೋಡೆಯೆಂದು ಮುಖ ತಿರುಗಿಸುವಲ್ಲಿ ಒಂದು ಶಾಸ್ತ್ರವೇ ಮೊಳಕೆಯೊಡೆಯಿತೆಂದರೆ ತಪ್ಪಾಗದು.

ಆಮೇಲೆ ಅನೇಕರು ಈ ಅಧ್ಯಯನವನ್ನು ಮುಂದುವರಿಸಿದರು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಶಿಶುಶಾಲೆಗಳಲ್ಲಿ ದುಡಿದ ರೋಡಾ ಕೆಲಾಗ್ ಎಂಬಾಕೆ ಚಿಕ್ಕ ಮಕ್ಕಳ ಲಕ್ಷಾಂತರ ಚಿತ್ರಗಳನ್ನು ಕೂಡಿಹಾಕಿ, ಅವುಗಳಲ್ಲಿ 20 ಮೂಲ ಗೀಟುಗಳಿವೆ ಎಂದು ವಿಂಗಡಿಸಿದರು. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಶಿಕ್ಷಣತಜ್ಞರು 1947ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮಕ್ಕಳ ಚಿತ್ರಗಳ ಬೆಳವಣಿಗೆಯನ್ನು ವಯಸ್ಸಿಗೆ ಅನುಸಾರವಾಗಿ ಹಂತಗಳಾಗಿ ವಿವರಿಸಿದರು. ಇವುಗಳ ಸಾರವನ್ನು ನಾವು ಸರಳವಾಗಿ ಹೀಗೆ ಹೇಳಬಹುದು:

ಸುಮಾರು ಒಂದೂವರೆ ವರ್ಷಕ್ಕೆ ಮಗುವು ಭುಜದಿಂದಲೇ ಕೈಯನ್ನು ಬೀಸಿ ಗೀಚುತ್ತದೆ. ಗೆರೆ ಎತ್ತ ಹೋಗುವುದೆಂಬುದು ಅದರ ಅಧೀನದಲ್ಲಿಲ್ಲ. ಎರಡು ವರ್ಷ ದಾಟಿದಂತೆ ಮೊಣಕೈ, ಮಣಿಕಟ್ಟುಗಳು ಹತೋಟಿಗೆ ಬರುತ್ತವೆ. ಹಿಂದಕ್ಕೂ ಮುಂದಕ್ಕೂ ಓಡುವ ಗೆರೆಗಳು, ಸುತ್ತುವ ಸುರುಳಿಗಳು ಮೂಡುತ್ತವೆ. ಮೂರು ವರ್ಷದ ಸುಮಾರಿಗೆ ಒಂದು ದಿನ ಆ ಸುರುಳಿ ತಾನು ಹೊರಟ ಸ್ಥಳಕ್ಕೇ ಬಂದು ಕೂಡಿಕೊಳ್ಳುತ್ತದೆ. ಅದೇ ವೃತ್ತ! ಈ ವಯಸ್ಸಿಗೇ ಮಗುವು ತನ್ನ ಗೀಚುಗಳಿಗೆ ಹೆಸರಿಡತೊಡಗುತ್ತದೆ. “ಇದು ಅಜ್ಜಿ, ಇದು ರೈಲು” ಎನ್ನುತ್ತದೆ. ನಮಗೆ ಅಲ್ಲಿ ಅಜ್ಜಿಯೂ ಕಾಣದು, ರೈಲೂ ಕಾಣದು. ಆದರೆ ಗೆರೆಯೊಂದು ಬೇರೊಂದು ವಸ್ತುವಿನ ಬದಲಾಗಿ ನಿಲ್ಲಬಲ್ಲದು ಎಂಬ ಮಹತ್ತ್ವದ ಸಂಗತಿ ಮಗುವಿಗೆ ಹೊಳೆದಿದೆ. ಅಕ್ಷರವೆಂದರೆ ಮತ್ತೇನು? ಅದೂ ಧ್ವನಿಯ ಬದಲಾಗಿ ನಿಂತ ಗೆರೆಯಷ್ಟೆ.

ಅನಂತರ ವೃತ್ತದಿಂದ ಎರಡು ಕಡ್ಡಿಗಳು ಕೆಳಗಿಳಿದು ಮನುಷ್ಯನಾಗುತ್ತವೆ. ಹೊಟ್ಟೆಯಿಲ್ಲದೆ ತಲೆಯಿಂದಲೇ ಕಾಲು ಹೊರಟ ಈ ಪ್ರಾಣಿ ಕಪ್ಪೆಯ ಮರಿಯನ್ನು ಹೋಲುತ್ತದೆ. ಐದಾರು ವರ್ಷಕ್ಕೆ ಕೆಳಗೆ ನೆಲದ ಗೆರೆ, ಮೇಲೆ ಆಕಾಶದ ಪಟ್ಟಿ ಬರುತ್ತವೆ; ಮನೆಯ ಚಿತ್ರದಲ್ಲಿ ಗೋಡೆಯ ಒಳಗಿನ ಜನರೂ ಕಾಣುತ್ತಾರೆ. ಕಣ್ಣಿಗೆ ಕಂಡದ್ದನ್ನಲ್ಲ, ತನಗೆ ತಿಳಿದದ್ದನ್ನು ಮಗು ಬರೆಯುತ್ತದೆ. ಒಂಬತ್ತು ಹತ್ತು ವರ್ಷಕ್ಕೆ, ಕಂಡಂತೆಯೇ ಬರೆಯಬೇಕೆಂಬ ಹಂಬಲ ಹುಟ್ಟುತ್ತದೆ. ಹಾಗೆ ಬರೆಯಲಾಗದೆ ಬಹುಮಂದಿ ಕೈಬಿಟ್ಟುಬಿಡುತ್ತಾರೆ. ಐದನೆಯ ಇಯತ್ತೆಗೆ ಬಂದವರು “ನಮಗೆ ಚಿತ್ರ ಬರುವುದಿಲ್ಲ” ಎಂದು ನಮ್ಮೊಡನೆ ಹೇಳುವುದು ಈ ಕಾರಣದಿಂದಲೇ. ಎರಡನೆಯ ವಯಸ್ಸಿನಲ್ಲಿ ಯಾವ ಮಗುವೂ ಹಾಗೆ ಹೇಳಿದ್ದನ್ನು ನಾವು ಕೇಳಿಲ್ಲ.

ಕನ್ನಡ ಕಲಿಯುವವರಾದ ನಾವು ಇಲ್ಲಿ ಇನ್ನೊಂದು ಮಾತನ್ನು ನೆನೆಯಬೇಕು. ದೇವನಾಗರಿಯಲ್ಲಿ ನೆಟ್ಟನೆಯ ಗೆರೆಗಳೂ ತಲೆಪಟ್ಟಿಯೂ ಪ್ರಧಾನ. ನಮ್ಮ ಕನ್ನಡ ಲಿಪಿಯಾದರೋ ಗುಂಡಗಿನದು. ಬಾಗಿ ಬಳುಕುವ, ಸುತ್ತಿ ಕೂಡುವ ಗೆರೆಗಳಿಂದ ಆದುದು. ಅನುಸ್ವಾರವಂತೂ ವೃತ್ತವೇ. ಗೋಡೆಯ ಮೇಲೆ ಮೂರು ವರ್ಷದ ಕೈ ನೂರು ಸುರುಳಿಗಳನ್ನು ಸುತ್ತಿತೆಂದರೆ, ಆರನೆಯ ವರ್ಷಕ್ಕೆ ಅದು ಬರೆಯಬೇಕಾದ ‘ರ’, ‘ಠ’, ‘ಅ’ಗಳ ತಾಲೀಮನ್ನು ನಡೆಸಿತೆಂದೇ ತಿಳಿಯತಕ್ಕದ್ದು. ಈ ಮಹಾನಗರದಲ್ಲಿ ನಮ್ಮ ಮಕ್ಕಳ ಕಿವಿಗೆ ದಿನವೆಲ್ಲ ಬೇರೆ ಭಾಷೆಗಳು ಬೀಳುತ್ತವೆ. ಕನ್ನಡ ಅಕ್ಷರವನ್ನು ಕೈಹಿಡಿದು ಕಲಿಸುವ ಸ್ಥಳಗಳು ಎರಡೇ: ಮನೆ ಮತ್ತು ಈ ಶಾಲೆ. ಹೀಗಿರಲು, ಗೀಚುವ ಕೈಯನ್ನು ಏಟಿನಿಂದ ಹೆದರಿಸಿ ಮುದುಡಿಸಿದರೆ ಆಗುವ ನಷ್ಟ ಸಣ್ಣದಲ್ಲ.

ಗೋಡೆಯೇ ಏಕೆ?

ಕಾಗದ ಕೊಟ್ಟರೂ ಮಗು ಗೋಡೆಗೇ ಹೋಗುವುದೇಕೆ? ಇದಕ್ಕೆ ಕಾರಣಗಳುಂಟು. ಮೊದಲನೆಯದಾಗಿ, ಚಿಕ್ಕ ಮಗು ಭುಜದಿಂದ ಗೀಚುತ್ತದೆಂದು ಮೇಲೆ ಹೇಳಿದೆವಷ್ಟೆ. ಭುಜದ ಬೀಸಿಗೆ ವಹಿಯ ಹಾಳೆ ಸಾಲುವುದಿಲ್ಲ, ಗೋಡೆ ಸಾಲುತ್ತದೆ. ಎರಡನೆಯದಾಗಿ, ಕಾಗದ ಜಾರುತ್ತದೆ, ಹರಿಯುತ್ತದೆ. ಅದನ್ನು ಎಡಗೈಯಿಂದ ಒತ್ತಿಹಿಡಿಯಬೇಕೆಂಬುದು ಮಗುವಿಗೆ ಇನ್ನೂ ಗೊತ್ತಿಲ್ಲ. ಗೋಡೆ ಜಾರುವುದಿಲ್ಲ. ಮೂರನೆಯದಾಗಿ, ಗೋಡೆ ಕಣ್ಣಿಗೆ ನೇರವಾಗಿದೆ. ನಿಂತು ಬರೆಯಬಹುದು, ಹಿಂದೆ ಸರಿದು ನೋಡಬಹುದು.

ಇವೆಲ್ಲಕ್ಕಿಂತ ಮಿಗಿಲಾದ ಕಾರಣವೊಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೇಮ್ಸ್ ಗಿಬ್ಸನ್ ಮತ್ತು ಪೆಟ್ರೀಶಿಯಾ ಯೋನಾಸ್ ಎಂಬವರು ಒಂದು ಪರೀಕ್ಷೆಯನ್ನು ನಡೆಸಿ 1968ರಲ್ಲಿ ಪ್ರಕಟಿಸಿದರು. ಚಿಕ್ಕ ಮಕ್ಕಳಿಗೆ ಗೆರೆ ಮೂಡಿಸುವ ಕಡ್ಡಿಯನ್ನು ಕೊಟ್ಟರು. ಗೆರೆ ಮೂಡದ, ಆದರೆ ನೋಡಲು ಅದರಂತೆಯೇ ಇರುವ ಕಡ್ಡಿಯನ್ನೂ ಕೊಟ್ಟರು. ಕೈಬೀಸುವ ಸುಖವೊಂದೇ ಬೇಕಾಗಿದ್ದರೆ ಎರಡೂ ಸಮವಾಗಿರಬೇಕಿತ್ತು. ಆದರೆ ಗೆರೆ ಮೂಡದ ಕಡ್ಡಿಯಿಂದ ಮಕ್ಕಳ ಗೀಚಾಟ ಬಹಳ ಕಡಿಮೆಯಾಯಿತು. ಇದರಿಂದ ತಿಳಿಯುವುದೇನು? ಮಗುವಿಗೆ ಬೇಕಾದುದು ಗುರುತು. ತಾನು ಕೈಯಾಡಿಸಿದ್ದರಿಂದ ಜಗತ್ತಿನಲ್ಲಿ ಏನೋ ಒಂದು ಹೊಸದಾಗಿ ಉಳಿಯಿತು ಎಂಬುದೇ ಅದರ ಆನಂದ. ಗೋಡೆಯನ್ನು ಕೆಡಿಸುವ ಉದ್ದೇಶ ಅದಕ್ಕೆ ಎಳ್ಳಷ್ಟೂ ಇಲ್ಲ. ‘ಕೆಡುವುದು’ ಎಂಬ ಕಲ್ಪನೆಯೇ ಅದಕ್ಕೆ ಇನ್ನೂ ಬಂದಿಲ್ಲ.

ಅಳಿಸುವ ನೆಲ, ಅಳಿಸದ ಗೋಡೆ

ಹಾಗಾದರೆ ನಮ್ಮ ಹಿರಿಯರ ಕಾಲದ ಮಕ್ಕಳು ಗೀಚುತ್ತಿರಲಿಲ್ಲವೇ? ಗೀಚುತ್ತಿದ್ದರು, ಆದರೆ ಆ ಕಾಲದ ಊರಮನೆಗಳಲ್ಲಿ ಗೀಚಿದ್ದು ಅಳಿಸಿಹೋಗುತ್ತಿತ್ತು. ಸೆಗಣಿಯಿಂದ ಸಾರಿಸಿದ ನೆಲ, ಅಂಗಳದ ಧೂಳು, ಮಣ್ಣಿನ ಗೋಡೆಗೆ ಹಬ್ಬ ಬಂದಾಗ ಹೊಸ ಸುಣ್ಣ, ಕೆಳಗೆ ಕೆಮ್ಮಣ್ಣಿನ ಕಾರಣೆ. ಮಗು ಇದ್ದಲಿನಿಂದ ಬರೆದ ಆನೆ ದೀಪಾವಳಿಯವರೆಗೆ ಬದುಕಿ, ಸುಣ್ಣದ ಕುಂಚದಡಿ ಮರೆಯಾಗುತ್ತಿತ್ತು. ಮನೆಯ ಹೆಣ್ಣುಮಕ್ಕಳೂ ನೆಲಗೋಡೆಗಳ ಮೇಲೆಯೇ ಬರೆಯುತ್ತಿದ್ದರಲ್ಲವೇ? ಮುಂಜಾನೆ ಇಟ್ಟ ರಂಗವಲ್ಲಿಯನ್ನು ಮರುದಿನ ಗುಡಿಸಿ ಹೊಸದನ್ನು ಇಡುತ್ತಿದ್ದರು. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚ ಹಿಡಿದು ಬರೆಯುವ ಹಸೆ ಚಿತ್ತಾರವೂ, ಮುಂಬಯಿಯ ನೆರೆಯ ಪಾಲ್ಘರ್ ಜಿಲ್ಲೆಯ ವಾರ್ಲಿ ಜನರ ಮದುವೆಯ ಚಿತ್ರಗಳೂ ಗೋಡೆಯ ಕಲೆಗಳೇ.

ಶಾಲೆಯಲ್ಲಿಯೂ ಹಾಗೆಯೇ. ಹಿಂದಿನ ಐಗಳ ಮಠಗಳಲ್ಲಿ ಮಕ್ಕಳು ಮೊದಲು ಹರಡಿದ ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದುತ್ತಿದ್ದರು. ತಪ್ಪಾದರೆ ಅಂಗೈಯಿಂದ ಸವರಿದರಾಯಿತು, ಹೊಸ ಹಾಳೆ ಸಿದ್ಧ. ಬಟ್ಟೆಗೆ ಇದ್ದಲಿನ ಪುಡಿಯನ್ನೂ ಹುಣಿಸೆಬೀಜದ ಅಂಟನ್ನೂ ಬಳಿದು, ಒಣಗಿಸಿ, ಮಡಿಸಿ ಮಾಡಿದ ‘ಕಡತ’ದ ಮೇಲೆ ಬಳಪದಿಂದ ಬರೆಯುವ ರೂಢಿಯಿತ್ತು. ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಇಂದು ಕಚೇರಿಯ ಕಾಗದಗಳ ಕಟ್ಟಿಗೆ ನಾವು ಕಡತವೆನ್ನುವುದು ಈ ಹಳೆಯ ಹೆಸರನ್ನೇ. ಕಡತ ಹೋಗಿ ಪಾಟಿ ಬಂದಿತು, ಪಾಟಿಯೂ ಅಳಿಸುವಂಥದ್ದೇ.

ನಗರಕ್ಕೆ ಬಂದ ನಮಗೆ ಈ ಅಳಿಸುವ ಮೈಗಳೆಲ್ಲ ತಪ್ಪಿಹೋದವು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಖೋಲಿ, ಅಂಗಳವಿಲ್ಲ, ನೆಲಕ್ಕೆ ಟೈಲ್ಸು, ಗೋಡೆಗೆ ಬಣ್ಣ, ಅದೂ ಬಾಡಿಗೆಯ ಗೋಡೆ. ಮನೆಮಾಲಿಕನ ಕೈಯಲ್ಲಿ ಡಿಪಾಜಿಟ್ಟಿನ ಹಣವಿದೆ. ಹನ್ನೊಂದು ತಿಂಗಳ ಕರಾರು ಮುಗಿದು ಬಿಡುವಾಗ ಗೋಡೆಯನ್ನು ತೋರಿಸಿ ಅವನು ಹಣ ಮುರಿದುಕೊಂಡರೆ ತಂದೆಯ ಅನೇಕ ದಿನಗಳ ದುಡಿಮೆ ಹೋಯಿತು. ತಾಯಿಯ ಕೈ ಮಗುವಿನ ಬೆನ್ನ ಮೇಲೆ ಏಳುವುದು ಕ್ರೌರ್ಯದಿಂದಲ್ಲ, ಈ ಭಯದಿಂದ. ಮಗುವಿನ ಸ್ವಭಾವ ಬದಲಾಗಿಲ್ಲ. ಅದರ ಸುತ್ತಲಿನ ಮೈಗಳು ಬದಲಾಗಿವೆ. ಈ ಮಾತನ್ನು ಮನಗಂಡರೆ ಅರ್ಧ ಜಗಳ ತೀರಿದಂತೆಯೇ. ಮಿಕ್ಕ ಅರ್ಧಕ್ಕೆ ಉಪಾಯವಿದೆ: ಅಳಿಸಬಹುದಾದ ಒಂದು ಮೈಯನ್ನು ನಾವೇ ಮಗುವಿಗೆ ಒದಗಿಸಿಕೊಡುವುದು.

ನಮ್ಮ ಏಳನೆಯ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳು ಮಾಡಿದ್ದು ಇದನ್ನೇ. ನಾಲ್ಕು ವರ್ಷದ ತಮ್ಮನಿಂದಾಗಿ ಮನೆಯಲ್ಲಿ ನಿತ್ಯ ರಗಳೆಯಾಗುತ್ತಿತ್ತು. ಅವಳು ಅಂಗಡಿಗಳವರು ಕೊಟ್ಟ ಹಳೆಯ ಕ್ಯಾಲೆಂಡರುಗಳನ್ನು ಕೂಡಿಸಿ, ಬಿಳಿಯ ಬೆನ್ನು ಹೊರಗೆ ಬರುವಂತೆ ಒಂದಕ್ಕೊಂದು ಅಂಟಿಸಿ, ಕಬ್ಬಿಣದ ಕಪಾಟಿನ ಪಕ್ಕಕ್ಕೆ ತಮ್ಮನ ಎದೆಯ ಮಟ್ಟಕ್ಕೆ ದಾರದಿಂದ ಬಿಗಿದಳು. “ಇದು ನಿನ್ನ ಗೋಡೆ, ಅದು ಮಾಲಿಕರ ಗೋಡೆ” ಎಂದು ಹೇಳಿದಳು. ಎರಡು ಮೂರು ದಿನ ತಮ್ಮನು ಎರಡೂ ಕಡೆ ಬರೆದನಂತೆ. ಆಮೇಲೆ ತನ್ನ ಗೋಡೆಗೇ ಅಂಟಿಕೊಂಡನು. ಬೈಗುಳದಿಂದ ಆಗದ ಕೆಲಸ ನಾಲ್ಕು ಹಾಳೆಗಳಿಂದ ಆಯಿತು.

ಗುರುತಿನಲ್ಲಿ ಏನಿದೆ?

ಮೂಡಿದ ಗೀಟನ್ನು ಅಳಿಸಬೇಕಾದರೆ ಅದು ಯಾವ ದ್ರವ್ಯದಿಂದ ಆದುದೆಂದು ತಿಳಿದಿರಬೇಕು. ಸೀಮೆಸುಣ್ಣವು ಜಿಪ್ಸಮ್ ಅಥವಾ ಸುಣ್ಣಕಲ್ಲಿನ ಜಾತಿಯ ಮೃದುವಾದ ಪುಡಿ. ಅದು ಮೇಲುಮೇಲೆ ಕುಳಿತಿರುವುದರಿಂದ ಒದ್ದೆಬಟ್ಟೆಗೆ ಬಂದುಬಿಡುತ್ತದೆ. ಪೆನ್ಸಿಲಿಗೆ ನಾವು ಸೀಸದ ಕಡ್ಡಿ ಎನ್ನುತ್ತೇವೆ. ವಾಸ್ತವವಾಗಿ ಅದರಲ್ಲಿ ಸೀಸವಿಲ್ಲ. ಗ್ರಾಫೈಟ್ ಎಂಬ ಇಂಗಾಲದ ರೂಪವನ್ನು ಜೇಡಿಮಣ್ಣಿನೊಡನೆ ಬೆರೆಸಿ ಸುಟ್ಟು ಕಡ್ಡಿ ಮಾಡುವ ಕ್ರಮಕ್ಕೆ ಫ್ರಾನ್ಸಿನ ಕೊಂತೆ ಎಂಬಾತನು 1795ರಲ್ಲಿ ಹಕ್ಕುಪತ್ರ ಪಡೆದನು. ಪೆನ್ಸಿಲಿನ ಗುರುತು ರಬ್ಬರಿನಿಂದ ಹೋಗುತ್ತದೆ.

ಮೇಣದ ಬಣ್ಣದ ಕಡ್ಡಿಯ ಗುಣ ಬೇರೆ. ಮೇಣಕ್ಕೂ ನೀರಿಗೂ ಒಗ್ಗುವುದಿಲ್ಲ. ಆದುದರಿಂದ ನೀರಿನಿಂದ ಒರಸಿದರೆ ಅದು ಹೋಗದು. ಅದರ ಮೇಲೆ ಸುಣ್ಣ ಬಳಿದರೂ ಸುಣ್ಣ ಹಿಡಿಯದೆ ಗೀಟು ಇಣುಕುತ್ತದೆ. ಎಣ್ಣೆಬಣ್ಣದ ಗೋಡೆಯಾದರೆ ಒದ್ದೆಬಟ್ಟೆಗೆ ಅಡಿಗೆಯ ಸೋಡಾ ಹಚ್ಚಿ ಮೆಲ್ಲಗೆ ತಿಕ್ಕಬೇಕು. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ ನೋಡುವುದು ಜಾಣತನ. ಬಾಲ್‌ಪೆನ್ನಿನ ಶಾಯಿಯಂತೂ ಎಣ್ಣೆಯ ಗುಣದ್ದು. ಅದರ ಬಣ್ಣ ಸುಣ್ಣದ ಪದರಿನೊಳಕ್ಕೆ ಇಳಿದು, ಮೇಲೆ ಬಳಿದ ಹೊಸ ಪದರಿನಲ್ಲಿಯೂ ಮತ್ತೆ ಮೂಡಿಬರುತ್ತದೆ. ಈ ಕಾರಣದಿಂದ ಚಿಕ್ಕವರ ಕೈಗೆ ಸೀಮೆಸುಣ್ಣವನ್ನು ಕೊಡಿರಿ. ಬಾಲ್‌ಪೆನ್ನನ್ನು ಅವರಿಗೆ ನಿಲುಕದಂತೆ ಎತ್ತರದಲ್ಲಿಡಿರಿ. ಮುಚ್ಚಳ, ಮುರಿದ ತುಂಡುಗಳು ಬಾಯಿಗೆ ಹೋಗದಂತೆಯೂ ನೋಡಿಕೊಳ್ಳಿರಿ.

ದೊಡ್ಡವರಾದ ಮೇಲಿನ ಗೀಚು

ಇಷ್ಟು ಹೊತ್ತು ನಾವು ಮಗುವಿನ ಪಕ್ಷವನ್ನು ವಹಿಸಿ ಮಾತನಾಡಿದೆವು. ಇದನ್ನೇ ಆಧಾರ ಮಾಡಿಕೊಂಡು, ಶಾಲೆಯ ಬಾಂಕಿನ ಮೇಲೆ ಕೈವಾರದ ಮೊನೆಯಿಂದ ಹೆಸರು ಕೆತ್ತುವ ಒಂಬತ್ತನೆಯ ಇಯತ್ತೆಯವರು ಸಂತೋಷಪಡಬಾರದು! ಎರಡು ವರ್ಷದ ಮಗುವಿಗೆ ಕೆಡುವುದೆಂದರೇನೆಂದು ತಿಳಿಯದು. ಹದಿನಾಲ್ಕರವನಿಗೆ ಚೆನ್ನಾಗಿ ತಿಳಿದಿದೆ. ತಿಳಿದದ್ದರಿಂದಲೇ ಅವನು ಅತ್ತಿತ್ತ ನೋಡಿ ಕೆತ್ತುತ್ತಾನೆ. ಮಗು ಯಾರನ್ನೂ ನೋಡುವುದಿಲ್ಲ. ಬರೆದಾದ ಮೇಲೆ ತಾಯಿಯನ್ನು ಕೂಗಿ ಕರೆದು ತೋರಿಸುತ್ತದೆ. ಎರಡಕ್ಕೂ ಇರುವ ಅಂತರ ಇಷ್ಟರಿಂದಲೇ ಸ್ಪಷ್ಟವಾಗುತ್ತದೆ.

ನಮ್ಮ ಮಹಾರಾಷ್ಟ್ರ ರಾಜ್ಯದಲ್ಲಿಯೇ ಇರುವ ಅಜಂತೆಯನ್ನು ನೋಡಿರಿ. ಜಾನ್ ಸ್ಮಿತ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿಯು ಬೇಟೆಗೆ ಹೋದಾಗ ಆ ಗುಹೆಗಳನ್ನು ಕಂಡನು. 1819ನೆಯ ಇಸವಿಯ ಏಪ್ರಿಲ್ 28ರಂದು ಹತ್ತನೆಯ ಗುಹೆಯ ಕಂಬವೊಂದರ ಬೋಧಿಸತ್ತ್ವ ಚಿತ್ರದ ಮೇಲೆ ತನ್ನ ಹೆಸರನ್ನೂ ತಾರೀಖನ್ನೂ ಗೀಚಿದನು. ಅಂದು ಗುಹೆಯಲ್ಲಿ ಮಣ್ಣು, ಕಲ್ಲುಗಳ ರಾಶಿ ಬಿದ್ದಿತ್ತು. ಅದರ ಮೇಲೆ ನಿಂತು ಬರೆದುದರಿಂದ ಆ ಗೀಚು ಈಗ ನೋಡುವವರ ತಲೆಗಿಂತ ಎತ್ತರದಲ್ಲಿದೆ. ಚಿತ್ರವನ್ನು ಬರೆದ ಕಲಾವಿದನ ಹೆಸರು ಎಲ್ಲಿಯೂ ಇಲ್ಲ. ಕೆಡಿಸಿದವನ ಹೆಸರು ಎರಡು ಶತಮಾನಗಳಿಂದ ಉಳಿದಿದೆ. ಅವನಿಂದ ಲೋಕಕ್ಕೆ ಗುಹೆಗಳ ಪರಿಚಯವಾಯಿತೆಂಬುದು ನಿಜ. ಆದರೆ ಅಳಿಸಿದರೆ ಚಿತ್ರವೇ ಹೋಗುವಂಥ ಸ್ಥಳದಲ್ಲಿ ಅವನು ಬರೆದನೆಂಬುದೂ ನಿಜ.

ಕೇಂದ್ರ ಸರಕಾರದ ರಕ್ಷಣೆಯಲ್ಲಿರುವ ಪ್ರಾಚೀನ ಸ್ಮಾರಕಗಳನ್ನು ವಿರೂಪಗೊಳಿಸುವುದು 1958ರ ಕಾಯಿದೆಯ ಪ್ರಕಾರ ಅಪರಾಧ. 2010ರ ತಿದ್ದುಪಡಿಯಿಂದ ಅದಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಶಿಕ್ಷೆಯ ಭಯಕ್ಕಿಂತ ವಿವೇಕ ದೊಡ್ಡದು. ಕೈಯೆತ್ತುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಇದು ಯಾರದು? ಬರೆದದ್ದು ಅಳಿಸೀತೇ? ಅಳಿಸುವ ಕೆಲಸ ಯಾರ ಪಾಲಿಗೆ ಬೀಳುತ್ತದೆ? ಲೋಕಲ್ ರೈಲಿನ ಡಬ್ಬಿಯಲ್ಲಿ ಗೀಚಿದ್ದನ್ನು ತಿಕ್ಕುವವನೂ ಯಾರದೋ ತಂದೆಯೇ. ನಮ್ಮ ಶಾಲೆಯ ಗೋಡೆಯನ್ನು ತೊಳೆಯುವಾಕೆಯೂ ಯಾರದೋ ತಾಯಿಯೇ.

ಸ್ಥಳ ಕೊಟ್ಟವರು

ಗೀಚುವ ಮಕ್ಕಳಿಗೆ ಸ್ಥಳ ಕೊಟ್ಟ ಹಿರಿಯರೂ ಇದ್ದಾರೆ. ವಿಯೆನ್ನಾ ನಗರದಲ್ಲಿ ಫ್ರಾಂಟ್ಸ್ ಚಿಜೆಕ್ ಎಂಬ ಕಲಾವಿದನು ತನ್ನ ಬಿಡಾರದ ಎದುರಿನ ಹಲಗೆಬೇಲಿಯ ಮೇಲೆ ಬೀದಿಯ ಮಕ್ಕಳು ಪೈಪೋಟಿಯಿಂದ ಚಿತ್ರ ಬರೆಯುವುದನ್ನು ನೋಡುತ್ತಿದ್ದನಂತೆ. 1897ರಲ್ಲಿ ಅವನು ಮಕ್ಕಳಿಗಾಗಿಯೇ ಚಿತ್ರಕಲೆಯ ವರ್ಗವನ್ನು ತೆರೆದನು. ದೊಡ್ಡವರ ಚಿತ್ರಗಳನ್ನು ನಕಲು ಮಾಡಿಸದೆ, ಮಕ್ಕಳ ಮನಸ್ಸಿನಲ್ಲಿದ್ದುದನ್ನೇ ಬರೆಯಗೊಟ್ಟದ್ದು ಆ ವರ್ಗದ ವೈಶಿಷ್ಟ್ಯ.

ನಮ್ಮ ನಾಡಿನ ಉದಾಹರಣೆ ಬೇಕೆಂದರೆ ಆರ್. ಕೆ. ಲಕ್ಷ್ಮಣರನ್ನು ನೆನೆಯೋಣ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲಿ ಮನೆಯ ನೆಲ, ಗೋಡೆ, ಬಾಗಿಲುಗಳ ಮೇಲೆಲ್ಲ ಚಿತ್ರ ಬರೆಯುತ್ತಿದ್ದರು. ಶಾಲೆಯಲ್ಲಿ ಗುರುಗಳ ವ್ಯಂಗ್ಯಚಿತ್ರಗಳನ್ನೂ ಬಿಡಿಸುತ್ತಿದ್ದರು. ಅವರು ಬರೆದ ಒಂದು ಅರಳಿ ಎಲೆಯನ್ನು ಮೆಚ್ಚಿ ಉಪಾಧ್ಯಾಯರೊಬ್ಬರು ಹೊಗಳಿದರು. ಆ ಹೊಗಳಿಕೆಯಿಂದ ತಾನೊಬ್ಬ ಕಲಾವಿದನಾಗುತ್ತಿರುವೆನೆಂಬ ಭಾವನೆ ಹುಡುಗನಲ್ಲಿ ನೆಲೆಯೂರಿತು. ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಅವರಿಗೆ ಪ್ರವೇಶ ದೊರೆಯಲಿಲ್ಲ. ಆದರೂ ಅದೇ ಮುಂಬಯಿಯ ಪತ್ರಿಕೆಯಲ್ಲಿ ಐದು ದಶಕಗಳಿಗೂ ಮಿಕ್ಕಿ ಅವರ ‘ಶ್ರೀಸಾಮಾನ್ಯ’ನು ದೇಶವನ್ನು ನಗಿಸಿದನು, ವಿಚಾರಕ್ಕೆ ಹಚ್ಚಿದನು. 2015ರಲ್ಲಿ ಅವರು ತೀರಿಕೊಂಡರು.

ಗೋಡೆಯ ಮೇಲೆ ಗೀಚಿದವರೆಲ್ಲ ಲಕ್ಷ್ಮಣರಾಗುತ್ತಾರೆಂದು ನಾವು ಹೇಳುತ್ತಿಲ್ಲ. ಹೆಚ್ಚಿನವರು ಗುಮಾಸ್ತರೋ ವ್ಯಾಪಾರಿಗಳೋ ಹೋಟೆಲಿನ ಮಾಲಿಕರೋ ದಾದಿಯರೋ ಆಗುತ್ತಾರೆ, ಆಗಲಿ. ಆದರೆ ಅವರೆಲ್ಲರೂ ಬರೆಯಬೇಕು, ಕನ್ನಡದಲ್ಲಿ ತಮ್ಮ ಹೆಸರನ್ನಾದರೂ ಹೆದರದೆ ಬರೆಯಬೇಕು. ಆ ನಿರ್ಭಯವಾದ ಕೈ ತಯಾರಾಗುವುದು ಎರಡು ಮೂರನೆಯ ವಯಸ್ಸಿನಲ್ಲಿ. ಆಗ ಅದಕ್ಕೆ ಏಟು ಸಿಗುವುದೋ ಸ್ಥಳ ಸಿಗುವುದೋ ಎಂಬುದು ಮನೆಯವರಾದ ನಮ್ಮೆಲ್ಲರ ಕೈಯಲ್ಲಿದೆ.

ಅಭ್ಯಾಸ

1. ನಿಮ್ಮ ಮನೆಯ ಅಥವಾ ನೆರೆಮನೆಯ ಚಿಕ್ಕ ಮಗುವಿನ ಐದು ಗೀಚುಗಳನ್ನು ಕಾಗದದ ಮೇಲೆ ಸಂಗ್ರಹಿಸಿರಿ. ಪ್ರತಿಯೊಂದರ ಹಿಂದೆ ತಾರೀಖು ಹಾಕಿರಿ. ಮೂರು ತಿಂಗಳ ಬಳಿಕ ಮತ್ತೆ ಐದನ್ನು ಸಂಗ್ರಹಿಸಿ ಹೋಲಿಸಿರಿ. ವೃತ್ತ ಕೂಡಿಕೊಂಡಿದೆಯೇ?

2. ಆ ಮಗು ತನ್ನ ಗೀಚಿಗೆ ಏನೆಂದು ಹೆಸರಿಟ್ಟಿತು? ಅದರ ಮಾತಿನಲ್ಲಿಯೇ ಕನ್ನಡದಲ್ಲಿ ಬರೆದಿಡಿರಿ. “ಇದೇನು?” ಎಂದು ಪೀಡಿಸಬೇಡಿರಿ, “ಇದರ ಕತೆ ಹೇಳು” ಎನ್ನಿರಿ.

3. ನಿಮ್ಮ ಅಜ್ಜ ಅಜ್ಜಿಯರು ಅಕ್ಷರ ಕಲಿತದ್ದು ಯಾವುದರ ಮೇಲೆ? ಮರಳೋ, ಪಾಟಿಯೋ, ಕಾಗದವೋ? ಊರಿಗೆ ಹೋದಾಗ ಕೇಳಿ ಹತ್ತು ವಾಕ್ಯಗಳಲ್ಲಿ ಬರೆಯಿರಿ. ಅಕ್ಷರ ಕಲಿಯದವರಾದರೆ ಯಾವ ರಂಗವಲ್ಲಿ, ಯಾವ ಹಸೆ ಬರೆಯಬಲ್ಲರೆಂದು ಕೇಳಿರಿ; ಅದೂ ಬರಹವೇ.

4. ನೀವು ಕುಳಿತುಕೊಳ್ಳುವ ಬಾಂಕನ್ನು ಪರೀಕ್ಷಿಸಿರಿ. ಅದರ ಮೇಲಿನ ಗೀಚುಗಳಲ್ಲಿ ಅಳಿಸಬಹುದಾದವು ಎಷ್ಟು, ಕೆತ್ತಿದವು ಎಷ್ಟು ಎಂದು ಎಣಿಸಿರಿ. ಅಳಿಸಬಹುದಾದವನ್ನು ಮುಂದಿನ ಶನಿವಾರ ಅಳಿಸಿರಿ.

5. ಹಳೆಯ ಕ್ಯಾಲೆಂಡರು, ಒಂದು ಬದಿ ಖಾಲಿಯಿರುವ ಕಾಗದ, ದಾರ ಮತ್ತು ಸೀಮೆಸುಣ್ಣದ ತುಂಡುಗಳಿಂದ ಮನೆಯಲ್ಲಿ ಒಂದು ‘ಚಿಕ್ಕವರ ಗೋಡೆ’ಯನ್ನು ಮಾಡಿರಿ. ಎತ್ತರವನ್ನು ನಿಮ್ಮ ಕೈಗೆ ಅಳೆಯಬೇಡಿರಿ. ಮಗುವನ್ನು ನಿಲ್ಲಿಸಿ ಅದರ ಕೈಗೆ ಅಳೆಯಿರಿ.